ಈ ಹಾಸಿಗೆ ಹಾಸಿದ್ದು ಯಾರು

ಮೂವತ್ತೆರಡು ವರ್ಷ ಆಸ್ಪತ್ರೆಯ ಹಾಸಿಗೆಗಳನ್ನು ಹಾಸಿದ ಆಯಾ ಒಬ್ಬಳಿಗೆ ಯಾರಾದರೂ ಒಂದೇ ಒಂದು ಸಲ ಮೆಚ್ಚುಗೆಯ ಮಾತು ಆಡಿದ್ದಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ. ಆದರೆ ಹಾಸಿಗೆ ಚೆನ್ನಾಗಿದ್ದರೆ ಜನ ಅದರ ಮೇಲೆ ಮಲಗುತ್ತಾರೆ, ಹಾಸಿದವರು ಯಾರು ಎಂದು ಎದ್ದು ಕೂತು ಕೇಳುವುದಿಲ್ಲ. ಚೆನ್ನಾಗಿಲ್ಲದಿದ್ದರೆ ಮಾತ್ರ ಕೇಳುತ್ತಾರೆ, ಅದೂ ಇಡೀ ವಾರ್ಡಿಗೆ ಕೇಳಿಸುವ ಹಾಗೆ.

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಮೂಲೆಯಕ್ಕ ಎನ್ನುತ್ತಿದ್ದರು. ಹೊಸದಾಗಿ ಬಂದ ನರ್ಸುಗಳು, ಈಯಮ್ಮ ಸದಾ ಮೂಲೆ ಹಿಡಿದು ಕೂರುವವಳಿರಬೇಕು ಅಂದುಕೊಳ್ಳುತ್ತಿದ್ದರು. ಕೂರುವುದಕ್ಕೆ ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು? ಹೆಸರು ಬಂದದ್ದು ಬೆಡ್‌ಶೀಟಿನ ಮೂಲೆಯಿಂದ. ಕಾಲ ಕಡೆಯ ಅಂಚನ್ನು ಹಾಸಿಗೆಯಡಿ ತೂರಿಸಿ, ಪಕ್ಕಕ್ಕೆ ಇಳಿಬಿದ್ದದ್ದನ್ನು ಮೇಲೆತ್ತಿ, ಅಂಗೈಯಿಂದ ಒತ್ತಿ, ಮತ್ತೆ ಇಳಿಸಿ ಒಳಗೆ ತಳ್ಳಿದಳೆಂದರೆ ಲಕೋಟೆಯ ಬಾಯಿಯಂಥ ಒಂದು ಓರೆ ಮಡಿಕೆ ಅಲ್ಲಿ ನಿಂತುಬಿಡುತ್ತಿತ್ತು. ರೋಗಿ ಎಷ್ಟು ಹೊರಳಾಡಿದರೂ ಅದು ಬಿಚ್ಚುತ್ತಿರಲಿಲ್ಲ. ಬೆಡ್‌ಶೀಟಿನಲ್ಲಿ ಒಂದು ಸುಕ್ಕು ಕಂಡರೂ ಅವಳಿಗೆ ಮೈಯೆಲ್ಲ ಉರಿ. "ಎದ್ದೇಳಕ್ಕಾಗದೋರ ಬೆನ್ನಿಗೆ ಒಂದು ಸುಕ್ಕು ಸಾಕು ಕಣ್ರೇ, ಹುಣ್ಣಾಗೋದಕ್ಕೆ" ಎಂದು ಜೊತೆಯ ಆಯಾಗಳನ್ನು ಗದರುತ್ತಿದ್ದಳು. ಅವರು ಬೆನ್ನ ಹಿಂದೆ ಮೂಗು ಮುರಿದು, ಎದುರಿಗೆ ಹೂಂ ಅಕ್ಕ ಎನ್ನುತ್ತಿದ್ದರು.

ಗಂಡ ಬೇಗ ತೀರಿಕೊಂಡ. ಆ ಮೂಲೆಗಳ ಸಂಬಳದಲ್ಲೇ ಒಬ್ಬಳೇ ಮಗಳನ್ನು ಓದಿಸಿ, ಮದುವೆ ಮಾಡಿ ದಡ ಸೇರಿಸಿದಳು. ನಿವೃತ್ತಿಯ ದಿನ ಆಸ್ಪತ್ರೆಯವರು ಒಂದು ಗೋಡೆ ಗಡಿಯಾರ ಕೊಟ್ಟರು. ದೊಡ್ಡ ಸಿಸ್ಟರು ಭಾಷಣ ಮಾಡಿ, ಅಡುಗೆಮನೆಯಲ್ಲಿ ಇಷ್ಟು ವರ್ಷ ದುಡಿದ ಇವರನ್ನು ನಾವು ಮರೆಯುವುದಿಲ್ಲ ಎಂದರು. ಯಾರೋ ಕಿವಿಯಲ್ಲಿ ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ವಾರ್ಡಿನಲ್ಲಿ ಎಂದು ತಿದ್ದಿದರು. ಎಲ್ಲರೂ ನಕ್ಕರು, ಮೂಲೆಯಕ್ಕನೂ ನಕ್ಕಳು. ಮನೆಗೆ ಬಂದು ಗಡಿಯಾರವನ್ನು ಗೋಡೆಗೆ ಹಾಕದೆ ಕಪಾಟಿನ ಮೇಲೆ ಬೋರಲು ಇಟ್ಟಳು.

ಮಗಳು ಅದನ್ನು ನೋಡಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಅಮ್ಮನನ್ನು ಒಂದು ಸಲ ವಿದೇಶಕ್ಕೆ ಕರೆದುಕೊಂಡು ಹೋಗಿ ಸಮುದ್ರ ತೋರಿಸಬೇಕೆಂದು ವರ್ಷಗಳಿಂದ ಆಸೆ ಇಟ್ಟುಕೊಂಡವಳು. ಗಂಡನನ್ನು ಒಪ್ಪಿಸಿ, ರಜೆ ಹೊಂದಿಸಿ, ಫೋನಿನಲ್ಲಿ ನೂರಾರು ಫೋಟೋ ತಿರುವಿ ಒಂದು ಹೋಟೆಲು ಆರಿಸಿದಳು. ಫೋಟೋದಲ್ಲಿ ಕಿಟಕಿ, ಕಿಟಕಿಯ ತುಂಬ ಸಮುದ್ರ. "ನೋಡಮ್ಮ, ಹಾಸಿಗೇಲಿ ಮಲ್ಕೊಂಡೇ ಅಲೆ ಎಣಿಸ್ಬಹುದು" ಎಂದಳು.

ಅಮ್ಮ ಮಗಳು ಇಬ್ಬರೇ ಹೋಗಿ ನೋಡಿದರೆ ಎರಡನೇ ಮಹಡಿಯ ರೂಮು. ಮಗಳು ಉತ್ಸಾಹದಿಂದ ಪರದೆ ಸರಿಸಿದಳು. ಕೈಚಾಚಿದರೆ ತಾಗುವಷ್ಟು ಹತ್ತಿರ ಪಕ್ಕದ ಕಟ್ಟಡದ ಗೋಡೆ, ಅದರ ಮೇಲೊಂದು ನೀರು ಸೋರುವ ಪೈಪು. ಬೀರುವಿನ ಬಾಗಿಲು ಕಾಲಿನಿಂದ ಒದ್ದರೆ ಮಾತ್ರ ಮುಚ್ಚುತ್ತಿತ್ತು. ಬಿಸಿನೀರಿನ ನಲ್ಲಿ ಮೊದಲು ಕೆಮ್ಮಿ, ಆಮೇಲೆ ತಣ್ಣೀರು ಬಿಡುತ್ತಿತ್ತು. ಹಿಂದಿನವರ್ಯಾರೋ ಕುಡಿದ ಚಹದ ಕಲೆ ಲೋಟದ ತಳದಲ್ಲಿ ಹಾಗೇ ಇತ್ತು. ದಿಂಬುಗಳಂತೂ ಬದುಕಿನ ಆಸೆ ಬಿಟ್ಟಂತಿದ್ದವು. ಮಗಳು ಕೆಳಗೆ ಹೋಗಿ ಫೋಟೋ ತೋರಿಸಿ ಕೇಳಿದ್ದಕ್ಕೆ, ಸಮುದ್ರ ಬೇರೆ ರೂಮುಗಳಿಗಿದೆ, ಈಗ ಖಾಲಿ ಇಲ್ಲ ಎಂದರಂತೆ. ಮೇಲೆ ಬಂದವಳು ಸ್ನಾನದ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಲ್ಲಿಯ ಕೆಮ್ಮಿನ ನಡುವೆಯೂ ಅದು ಅಮ್ಮನಿಗೆ ಕೇಳಿಸಿತು.

ಮರುದಿನ ಬೆಳಗ್ಗೆ ಮಗಳು ಮತ್ತೆ ಕೆಳಗೆ ಜಗಳಕ್ಕೆ ಹೋದಾಗ ಮೂಲೆಯಕ್ಕ ಎದ್ದು ಎರಡೂ ಹಾಸಿಗೆಗಳನ್ನು ಕೆಡವಿ ಹೊಸದಾಗಿ ಹಾಸಿದಳು. ಲೋಟ ತಿಕ್ಕಿದಳು, ದಿಂಬುಗಳನ್ನು ಬಡಿದು ಬಡಿದು ಜೀವ ತುಂಬಿದಳು, ಅವುಗಳ ಕವರಿನ ಬಾಯಿ ಬಾಗಿಲಿನತ್ತ ಬಾರದ ಹಾಗೆ ತಿರುಗಿಸಿಟ್ಟಳು. ಮಗಳು ಬಂದಾಗ ರೂಮು ಸ್ವಲ್ಪವಾದರೂ ಮನುಷ್ಯರು ಇರುವ ಜಾಗದ ಹಾಗೆ ಕಾಣಲಿ, ಹುಡುಗಿ ಹೊಟ್ಟೆ ಉರಿದುಕೊಳ್ಳುವುದು ಕಡಿಮೆಯಾಗಲಿ ಎಂಬುದಷ್ಟೇ ಅವಳ ಲೆಕ್ಕ.

ಅಷ್ಟರಲ್ಲಿ ಬಾಗಿಲು ತಟ್ಟಿ ರೂಮು ಶುಚಿ ಮಾಡುವ ಹೆಂಗಸು ಬಂದಳು. ಮೂಲೆಯಕ್ಕನದೇ ವಯಸ್ಸು, ದಪ್ಪ ಮೈ, ಒಂದು ಮಂಡಿಗೆ ಕಂದು ಬಣ್ಣದ ಪಟ್ಟಿ. ತಳ್ಳುಗಾಡಿಯನ್ನು ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ಬಂದವಳು ಹಾಸಿಗೆ ನೋಡಿ ನಿಂತೇಬಿಟ್ಟಳು. ಸುತ್ತು ಹಾಕಿದಳು. ಬಗ್ಗಿ ಮೂಲೆಯನ್ನು ಬೆರಳಿಂದ ಒತ್ತಿದಳು. ಆಮೇಲೆ ಮೂಲೆಯಕ್ಕನ ಮುಖ ನೋಡಿ, ನೀನಾ ಎಂಬಂತೆ ಹುಬ್ಬು ಹಾರಿಸಿದಳು. ಮೂಲೆಯಕ್ಕ ತಲೆಯಾಡಿಸಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೆ ಆ ಮಂಡಿ ಎಷ್ಟು ನೋಯುತ್ತಿದೆ ಎಂದು ತಿಳಿಯಲು ಮೂಲೆಯಕ್ಕನಿಗೆ ಭಾಷೆ ಬೇಕಿರಲಿಲ್ಲ. ರೂಮಿನಲ್ಲಿದ್ದ ಒಂದೇ ಕುರ್ಚಿಯನ್ನು ಎಳೆದು ಕೊಟ್ಟಳು. ಹೆಂಗಸು ಕಾರಿಡಾರಿನತ್ತ ಹೆದರಿ ನೋಡಿದಳು. ಆಗ ಮೂಲೆಯಕ್ಕ ತಾನೇ ಹೋಗಿ ಬಾಗಿಲು ಮುಚ್ಚಿ ಬಂದಳು. ಹೆಂಗಸು ಕೂತು, ಒಂದು ಬೂಟು ಕಳಚಿ, ಕಣ್ಣು ಮುಚ್ಚಿಕೊಂಡಳು. ಹತ್ತು ನಿಮಿಷದ ಮೇಲೆ ಎದ್ದು ತನ್ನ ಕಾಗದದಲ್ಲಿ ಆ ರೂಮಿನ ನಂಬರಿನ ಎದುರು ಕೆಲಸ ಮುಗಿದ ಗುರುತು ಹಾಕಿ, ನಾಲ್ಕು ಸಣ್ಣ ಸೋಪುಗಳನ್ನು ಮೂಲೆಯಕ್ಕನ ಕೈಗೆ ತುರುಕಿ ಹೋದಳು.

ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಹೆಂಗಸು ಒಗೆದ ಬೆಡ್‌ಶೀಟು ಹಿಡಿದು ಬಂದಳು, ಅಂದು ಬದಲಿಸುವ ದಿನ. ಮೂಲೆಯಕ್ಕ ಆಗಲೇ ಹಾಸಿ ಮುಗಿಸಿದ್ದಳು. ಇದಿನ್ನೂ ಕೊಳೆಯಾಗಿಲ್ಲ, ನೀನು ಕೂತ್ಕೋ ಎಂದು ಕೈಸನ್ನೆ ಮಾಡಿ ಬೆಡ್‌ಶೀಟನ್ನು ಅವಳ ಗಾಡಿಗೇ ವಾಪಸು ಇಟ್ಟಳು. ಹೆಂಗಸು ಹಿಂದೆ ಮುಂದೆ ನೋಡಿದಳು. ಮಂಡಿ ಮುಟ್ಟಿಕೊಂಡಳು. ಆಮೇಲೆ ಕುರ್ಚಿಯಲ್ಲಿ ಕೂತಳು, ಹೋಗುವಾಗ ಎಂದಿನಂತೆ ಕಾಗದದಲ್ಲಿ ಗುರುತು ಹಾಕಿದಳು. ಇದೊಂದೂ ಮಗಳಿಗೆ ಗೊತ್ತಿರಲಿಲ್ಲ. ಅವಳ ಬೆಳಗುಗಳೆಲ್ಲ ಕೆಳಗಿನ ಕೌಂಟರಿನಲ್ಲಿ ಕಿಟಕಿ ಕೇಳುವುದರಲ್ಲೇ ಕಳೆಯುತ್ತಿದ್ದವು.

ನಾಲ್ಕನೆಯ ಬೆಳಗ್ಗೆ, ಈ ಹುಡುಗಿಯ ಕಾಟ ತಾಳಲಾರದೆ, ರೂಮುಗಳ ಉಸ್ತುವಾರಿಯ ಸೂಪರ್‌ವೈಸರು ಮಗಳ ಜೊತೆಯಲ್ಲೇ ಮೇಲೆ ಬಂದಳು. ಎತ್ತರದ ಹೆಂಗಸು, ಕೊರಳಿಗೆ ಸರಪಳಿ ಕಟ್ಟಿದ ಕನ್ನಡಕ. ಮಗಳು ಗೋಡೆ ತೋರಿಸಿದಳು, ನಲ್ಲಿ ತೋರಿಸಿದಳು, ಬೀರು ಒದ್ದು ತೋರಿಸಿದಳು. ಸೂಪರ್‌ವೈಸರು ಅದೆಲ್ಲಕ್ಕೂ ಹೂಂಗುಟ್ಟುತ್ತಿದ್ದವಳು ಹಾಸಿಗೆಯ ಹತ್ತಿರ ನಿಂತುಬಿಟ್ಟಳು. ಕನ್ನಡಕ ಏರಿಸಿ ಬಗ್ಗಿದಳು. ಅಂಗೈಯನ್ನು ಬೆಡ್‌ಶೀಟಿನ ಮೇಲೆ ನಿಧಾನವಾಗಿ ಆಡಿಸಿದಳು. ಮೂಲೆಯ ಓರೆ ಮಡಿಕೆಯನ್ನು ಬೆರಳಿನಿಂದ ಸವರಿ ಏನೋ ಕೇಳಿದಳು.

"ಅಮ್ಮಾ, ಈ ಹಾಸಿಗೆ ಹಾಸಿದ್ದು ಯಾರು ಅಂತ ಕೇಳ್ತಿದಾರೆ. ಇಷ್ಟು ಚೆನ್ನಾಗಿ ಹಾಸಿದ್ದು ಅವರ ಸರ್ವಿಸ್ಸಲ್ಲೇ ನೋಡಿಲ್ವಂತೆ" ಎಂದಳು ಮಗಳು.

ಮೂವತ್ತೆರಡು ವರ್ಷ ಕಾದಿದ್ದ ಪ್ರಶ್ನೆ. ಕಾಯುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಕಿವಿಗೆ ಬಿದ್ದದ್ದೇ ತಡ, ಎದೆ ಉಬ್ಬಿ ಬಂತು, ಮುಖ ಬಿಸಿಯಾಯಿತು.

"ನಾನೇ" ಎಂದಳು. ಅಷ್ಟಕ್ಕಾದರೂ ನಿಲ್ಲಿಸಬಾರದಿತ್ತೇ? "ನಾನೇ ಹಾಸಿದ್ದು ಅಂತ ಹೇಳೇ. ಬಂದಾಗಿನಿಂದ ದಿನಾ ನಾನೇ ಹಾಸ್ತಿರೋದು ಅನ್ನು. ಆಸ್ಪತ್ರೇಲಿ ಮೂವತ್ತೆರಡು ವರ್ಷ ಅಂತಾನೂ ಹೇಳು."

ಮಗಳು ಹೇಳಿದಳು. ಬರೀ ಹೇಳಲಿಲ್ಲ, ಮಸಾಲೆ ಅರೆದು ಹೇಳಿದಳು. ದುಡ್ಡು ಕೊಟ್ಟು ಬಂದವರು, ಈ ವಯಸ್ಸಿನಲ್ಲಿ ನಮ್ಮಮ್ಮ ತಾನೇ ರೂಮು ಶುಚಿ ಮಾಡಿಕೊಳ್ಳಬೇಕೆ, ಇದೆಂಥ ಹೋಟೆಲು ಎಂದು ದನಿ ಏರಿಸಿದಳು. ಸೂಪರ್‌ವೈಸರಳ ನಗು ನಿಂತುಹೋಯಿತು. ಅವಳು ಬೆಡ್‌ಶೀಟಿನ ಅಂಚು ಮಗುಚಿ ನೋಡಿದಳು. ಅಲ್ಲಿ ನೀಲಿ ದಾರದ ಒಂದು ಹೊಲಿಗೆ ಇತ್ತು. ಯಾವ ದಿನ ಹಾಸಿದ್ದು ಎಂದು ತಿಳಿಯಲು ಬೇರೆ ಬೇರೆ ಬಣ್ಣದ ದಾರ ಹಾಕುತ್ತಾರೆಂದು ಮೂಲೆಯಕ್ಕನಿಗೆ ಯಾರೂ ಹೇಳಬೇಕಿರಲಿಲ್ಲ, ಅವಳ ಆಸ್ಪತ್ರೆಯಲ್ಲೂ ಹಾಗೇ ಇತ್ತು. ನಿನ್ನೆ ಬದಲಿಸಿದ್ದರೆ ದಾರದ ಬಣ್ಣ ಬೇರೆಯಿರಬೇಕಿತ್ತು. ಸೂಪರ್‌ವೈಸರು ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಮೂಲೆಯಕ್ಕನ ಕಣ್ಣು ತಾನಾಗಿಯೇ ಖಾಲಿ ಕುರ್ಚಿಯ ಕಡೆ ಹೋಯಿತು. ಮೂರು ದಿನ ಅಲ್ಲಿ ಕೂತವಳು ನೆನಪಾದಳು. ಆದರೂ ಬಾಯಿ ಬಿಡಲಿಲ್ಲ.

ಅರ್ಧ ಗಂಟೆಯಲ್ಲಿ ಆರನೇ ಮಹಡಿಯ ರೂಮು ಸಿಕ್ಕಿತು. ಅಷ್ಟು ದಿನ ಖಾಲಿ ಇಲ್ಲದ ರೂಮು ಅದೆಲ್ಲಿಂದ ಬಂತೋ! ಕಿಟಕಿಯ ತುಂಬ ಸಮುದ್ರ. ಮಗಳು ಕುಣಿದಾಡಿ, ಅಮ್ಮನನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಫೋಟೋ ಹೊಡೆದಳು. ಮೂಲೆಯಕ್ಕ ನಕ್ಕಳು. ಮರೆಮಾಚುವುದೇಕೆ, ಆ ದಿನವೆಲ್ಲ ಅವಳು ಸಂತೋಷವಾಗಿಯೇ ಇದ್ದಳು. ಆ ಕುರ್ಚಿಯನ್ನು ಮನಸ್ಸಿನಲ್ಲಿ ಒಂದು ಕಡೆ ಸರಿಸಿಟ್ಟು ಅಲೆ ಎಣಿಸಿದಳು. ಆಮೇಲೆ ಅವಳಿಗೆ ಹೆಚ್ಚು ಚುಚ್ಚಿದ್ದು ಆ ಒಂದು ದಿನದ ಸಂತೋಷವೇ.

ಮರುದಿನ ಬೇರೊಬ್ಬಳು ಬಂದು ಮುಖ ಎತ್ತದೆ ಬೆಡ್‌ಶೀಟು ಬದಲಿಸತೊಡಗಿದಳು. ಇದು ಬೇರೆ ಮಹಡಿ, ಇಲ್ಲಿಗೆ ಇವಳಿರಬಹುದು ಎಂದು ಮೂಲೆಯಕ್ಕ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಆದರೂ ತಡೆಯಲಾಗದೆ ತನ್ನ ಮಂಡಿ ಮುಟ್ಟಿ, ಪಟ್ಟಿ ಸುತ್ತಿದಂತೆ ತೋರಿಸಿ, ಅವಳೆಲ್ಲಿ ಎಂದು ಸನ್ನೆ ಮಾಡಿದಳು. ಬಂದವಳು ಒಂದು ಬೆರಳಿಂದ ನೆಲದ ಕಡೆ ತೋರಿಸಿದಳು. ಆಮೇಲೆ ಎರಡೂ ಕೈ ಝಾಡಿಸಿ, ಮುಗಿಯಿತು ಎಂಬಂತೆ ತೋರಿಸಿ, ಮೂಲೆಯಕ್ಕನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಮೂಲೆಯಕ್ಕ ಮಗಳನ್ನು ಕೂಗಿದಳು.

ಮಗಳು ಕೆಳಗೆ ಹೋಗಿ ವಿಚಾರಿಸಿಕೊಂಡು ಬಂದಳು. ಕೌಂಟರಿನವನು ಹೆಮ್ಮೆಯಿಂದಲೇ ಹೇಳಿದನಂತೆ, ದೂರು ಬಂದರೆ ನಮ್ಮಲ್ಲಿ ಸುಮ್ಮನೆ ಬಿಡುವುದಿಲ್ಲ ಎಂದು. ಅವಳನ್ನು ರೂಮಿನ ಕೆಲಸದಿಂದ ತೆಗೆದು ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕಡೆ ಹಾಕಿದ್ದಾರೆ. ಈ ವಾರ ಮುಗಿದ ಮೇಲೆ ಬರುವುದೇ ಬೇಡ ಎಂದಿದ್ದಾರೆ. ಮಾಡದ ಕೆಲಸಕ್ಕೆ ಮಾಡಿದೆ ಎಂದು ಗುರುತು ಹಾಕಿದ್ದಾಳಲ್ಲ, ಅದಕ್ಕೆ.

"ಅಮ್ಮಾ, ನಾನು ಕಿಟಕಿ ಕೇಳಿದ್ದು. ಕೆಲಸದಿಂದ ತೆಗೀರಿ ಅಂತ ಎಲ್ಲಿ ಅಂದೆ?" ಎಂದಳು ಮಗಳು. ಅವಳ ಮುಖವೂ ಬಿಳಿಚಿಕೊಂಡಿತ್ತು.

ಆಗ ಮೂಲೆಯಕ್ಕ ಕುರ್ಚಿಯ ಕಥೆ ಹೇಳಿದಳು. ಬಾಗಿಲು ಮುಚ್ಚಿದ್ದು, ಸೋಪು, ಬೆಡ್‌ಶೀಟನ್ನು ತನ್ನ ಕೈಯಾರೆ ಗಾಡಿಗೆ ವಾಪಸು ಇಟ್ಟದ್ದು.

"ಅಯ್ಯೋ, ಅವತ್ತೇ ಯಾಕಮ್ಮ ಹೇಳ್ಲಿಲ್ಲ? ಗೊತ್ತಿದ್ರೆ ನಾನು ಹಾಗೆ ಕೂಗಾಡ್ತಿದ್ನಾ?"

"ನಿಂದೇನೂ ತಪ್ಪಿಲ್ಲ ಕಣೇ. ಕೂತ್ಕೋ ಅಂದವಳೂ ನಾನೇ, ಹಿಡಿದುಕೊಟ್ಟವಳೂ ನಾನೇ. ಯಾರೋ ಒಬ್ರು ಚೆನ್ನಾಗಿದೆ ಅಂದ್ರಲ್ಲಾ, ಬಾಯಿ ತಡೀಲಿಲ್ಲ. ನಡಿ, ಆ ಕನ್ನಡಕದೋಳ ಹತ್ರ ಹೋಗೋಣ."

ಸೂಪರ್‌ವೈಸರಳ ಕೋಣೆ ನೆಲಮಾಳಿಗೆಯಲ್ಲಿತ್ತು. ಸುತ್ತ ಕಪಾಟುಗಳ ತುಂಬ ಮಡಿಸಿಟ್ಟ ಬೆಡ್‌ಶೀಟು, ಒಗೆಯುವ ಯಂತ್ರಗಳ ಗಡಗಡ, ಬಿಸಿ ಹಬೆಯ ವಾಸನೆ. ಕಣ್ಣು ಮುಚ್ಚಿದರೆ ಅವಳ ಆಸ್ಪತ್ರೆಯೇ. ಮೂಲೆಯಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತನ್ನು ಮಗಳ ಬಾಯಲ್ಲಿ ಆಡಿಸಿದಳು: ಅವಳದೇನೂ ತಪ್ಪಿಲ್ಲ, ನಾನೇ ಬೇಡ ಅಂದೆ, ಅವಳನ್ನು ಹಾಸಗೊಡಲಿಲ್ಲ.

ಸೂಪರ್‌ವೈಸರು ಸಿಡುಕಲಿಲ್ಲ, ಮರ್ಯಾದೆಯಿಂದಲೇ ಕೇಳಿಸಿಕೊಂಡಳು. ಬೇಡ ಅಂದವರ ಎದುರು ಬೇಡ ಅಂದರು ಎಂದು ಬರೆಯಬೇಕು, ಅವಳು ಮಾಡಿದೆ ಎಂದು ಬರೆದಿದ್ದಾಳೆ, ಅದೂ ಮೂರು ದಿನ ಎಂದಳು. ಕಾಗದವನ್ನೇ ಮುಂದಿಟ್ಟಳು. ಸಾಲಾಗಿ ಮೂರು ಗುರುತು.

ಅಷ್ಟಾದ ಮೇಲೆ ಸೂಪರ್‌ವೈಸರು ನಗುತ್ತ ಒಂದು ಮಾತು ಕೇಳಿದಳು. ಮಗಳು ಅದನ್ನು ಅಮ್ಮನಿಗೆ ಹೇಳಲು ಹಿಂಜರಿದಳು.

"ಏನಂತೆ?"

"ಆ ಮೂಲೆ ಹೇಗೆ ಮಡಿಸೋದು ಅಂತ ಇಲ್ಲಿಯವರಿಗೆ ಒಂದು ಸಲ ತೋರಿಸ್ತೀರಾ ಅಂತ. ಬೇಡಮ್ಮ, ಹೋಗೋಣ ಬಾ."

ತೋರಿಸಿದರೆ ಈಕೆಯ ಮನಸ್ಸು ಕರಗಬಹುದು, ಆಗ ಇನ್ನೊಂದು ಸಲ ಕೇಳಿಕೊಳ್ಳಬಹುದು ಎಂದು ಮೂಲೆಯಕ್ಕ ಎಣಿಸಿದಳು. ಹಾಗೆಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಅದು ಪೂರ್ತಿ ನಿಜವೋ ಅಲ್ಲವೋ ಅವಳಿಗೇ ಗೊತ್ತಿಲ್ಲ.

ಐದಾರು ಹೆಂಗಸರನ್ನು ಕರೆದರು. ಒಂದು ಹಳೆಯ ಮಂಚ ಎಳೆದರು. ಮೂಲೆಯಕ್ಕ ಬೆಡ್‌ಶೀಟು ಕೊಡವಿ ಹರಡಿದಳು, ಅಂಚು ತೂರಿಸಿದಳು, ಎತ್ತಿದಳು, ಅಂಗೈಯಿಂದ ಒತ್ತಿದಳು. ಮನಸ್ಸು ಹಿಂಡುತ್ತಿದ್ದರೂ ಕೈಗಳಿಗೆ ಅದರ ಗೊಡವೆಯೇ ಇರಲಿಲ್ಲ. ಅವು ಖುಷಿಯಾಗಿ, ಸಲೀಸಾಗಿ, ಹಿಂದೆಂದಿಗಿಂತ ಚೆನ್ನಾಗಿ ಮೂಲೆ ಕಟ್ಟಿದವು. ಹೆಂಗಸರು ಚಪ್ಪಾಳೆ ತಟ್ಟಿದರು. ತಲೆ ಎತ್ತಿದಾಗ ಎಲ್ಲರ ಹಿಂದೆ, ಒದ್ದೆ ಬಟ್ಟೆಯ ಗಂಟನ್ನು ಹೊಟ್ಟೆಗೆ ಒತ್ತಿ ಹಿಡಿದು, ಮಂಡಿಗೆ ಪಟ್ಟಿ ಕಟ್ಟಿದವಳು ನಿಂತಿದ್ದಳು. ಅವಳು ಚಪ್ಪಾಳೆ ತಟ್ಟಲಿಲ್ಲ. ಕೈಯಲ್ಲಿ ಗಂಟಿತ್ತಲ್ಲ.

ಸೂಪರ್‌ವೈಸರು ಹೆಂಗಸರ ಕಡೆ ತಿರುಗಿ ಏನೋ ಹೇಳಿದಳು. ಮಗಳು ಅದನ್ನು ಅಮ್ಮನಿಗೆ ಹೇಳಲೇ ಇಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಇಷ್ಟು ವಯಸ್ಸಾದವರು ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆ, ನಿಮಗೇನು ಬಂದಿದೆ ಎಂಬ ಮಾತಿನ ದನಿ ಎಲ್ಲ ಊರಿನಲ್ಲೂ ಒಂದೇ. ಆ ದನಿ ಕೇಳುತ್ತ ಮೂಲೆಯಕ್ಕ ಸಾವಿರ ಸಲ ತಲೆ ತಗ್ಗಿಸಿ ನಿಂತಿದ್ದಳು. ಈ ಸಲ ಅದೇ ದನಿ ತನ್ನನ್ನು ಎತ್ತಿ ಹಿಡಿದು ಇನ್ನೊಬ್ಬಳ ತಲೆಯ ಮೇಲೆ ಕುಕ್ಕುತ್ತಿತ್ತು. ಅವಳು ಹೆಂಗಸರನ್ನು ದಾಟಿಕೊಂಡು ಹೋಗಿ ಆ ಗಂಟಿಗೆ ಕೈ ಹಾಕಿದಳು, ಇಳಿಸಿಕೊಡಲೆಂದು. ಹೆಂಗಸು ಕೊಡಲಿಲ್ಲ. ಸಿಟ್ಟಿನಿಂದಲ್ಲ, ಗಿರಾಕಿಗಳ ಕೈಯಲ್ಲಿ ಕೆಲಸ ಮಾಡಿಸಬಾರದು ಎಂಬಂತೆ ವಿನಯದಿಂದ ತಲೆಬಾಗಿ, ಪಕ್ಕಕ್ಕೆ ಸರಿದು, ಕುಂಟುತ್ತ ಯಂತ್ರಗಳ ಕಡೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇನ್ನೊಂದು ಸಲ ಕೇಳಿಕೊಂಡದ್ದಕ್ಕೆ ಸೂಪರ್‌ವೈಸರು ಮೂಲೆಯಕ್ಕನ ಕೈ ಕುಲುಕಿ, ನಿಮ್ಮದು ದೊಡ್ಡ ಮನಸ್ಸು ಎಂದಳು. ಅಲ್ಲಿಗೆ ಮುಗಿಯಿತು. ಉಳಿದ ಎರಡು ದಿನ ಮೂಲೆಯಕ್ಕ ಹಾಸಿಗೆ ಮುಟ್ಟಲಿಲ್ಲ. ಕಿಟಕಿಯ ಪರದೆಯನ್ನೂ ಸರಿಸಲಿಲ್ಲ. ಮಗಳು ಕೇಳಿದರೆ, ಬಿಸಿಲು ಕಣ್ಣಿಗೆ ಹೊಡೆಯುತ್ತೆ ಕಣೇ ಎಂದಳು.

ಊರಿಗೆ ಬಂದ ಮೇಲೆ ಅಕ್ಕಪಕ್ಕದವರು, ಹೇಗಿತ್ತು ವಿದೇಶ ಎಂದು ಮುತ್ತಿಕೊಂಡರು. ಗೋಡೆ, ಪೈಪು, ಕೆಮ್ಮುವ ನಲ್ಲಿಯ ಕಥೆ ಹೇಳಿ ಎಲ್ಲರನ್ನೂ ನಗಿಸಿದಳು. ಕುರ್ಚಿಯ ಕಥೆ ಹೇಳಲಿಲ್ಲ. ಆ ನಾಲ್ಕು ಸೋಪುಗಳನ್ನು ಬಳಸಲೂ ಆಗದೆ, ಬಿಸಾಡಲೂ ಆಗದೆ ಕಪಾಟಿನ ಮೇಲೆ ಗಡಿಯಾರದ ಪಕ್ಕ ಇಟ್ಟಳು.

ಮೂರು ತಿಂಗಳ ಮೇಲೆ ಆಸ್ಪತ್ರೆಯಿಂದ ಕರೆ ಬಂತು. ಹೊಸ ಆಯಾಗಳು ಬಂದಿದ್ದಾರೆ, ಒಂದು ವಾರ ಬಂದು ಕೆಲಸ ಕಲಿಸಿಕೊಡಿ ಎಂದರು. ಹೋದಳು. ಹೊಸಬರಲ್ಲಿ ಒಬ್ಬಳು ಎರಡು ಮಕ್ಕಳ ತಾಯಿ, ಮೂರನೆಯದಕ್ಕೆ ಐದು ತಿಂಗಳು. ಕೆಲಸಕ್ಕೆ ಎಲ್ಲಿ ಬೇಡ ಅನ್ನುತ್ತಾರೋ ಎಂದು ಯಾರಿಗೂ ಹೇಳದೆ ಸೀರೆಯ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಮೂಲೆಯಕ್ಕನ ಕಣ್ಣಿಗೆ ಅದು ಮೊದಲ ದಿನವೇ ಬಿತ್ತು. ಶನಿವಾರ ಬೆಳಗ್ಗೆ ಅವಳು ನಾಲ್ಕನೇ ಮಂಚದ ಹತ್ತಿರ ತಲೆ ಸುತ್ತಿ ನಿಂತಾಗ ಮೂಲೆಯಕ್ಕ ಸ್ಟೂಲು ಎಳೆದು ಕೂರಿಸಿ, ಹಾಸಿಗೆಯನ್ನು ತಾನೇ ಹಾಸಿದಳು.

ಕಡೆಯ ಮೂಲೆ ಒತ್ತುತ್ತಿರುವಾಗ ಬಾಗಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ಹೊಸಬಳು ಗಾಬರಿಯಿಂದ ಎದ್ದು ನಿಂತಳು. ಹೊಸಬರು ಏನು ಕಲಿತಿದ್ದಾರೆಂದು ನೋಡಲು ಬಂದ ದೊಡ್ಡ ಸಿಸ್ಟರು ಒಂದೊಂದೇ ಮಂಚ ನೋಡುತ್ತ ಬಂದು ನಾಲ್ಕನೆಯದರ ಹತ್ತಿರ ನಿಂತರು. ಬಗ್ಗಿ ಮೂಲೆ ನೋಡಿದರು.

"ಪರವಾಗಿಲ್ವೇ! ಈ ಹಾಸಿಗೆ ಹಾಸಿದ್ದು ಯಾರು?"

"ಇವಳೇ ಸಿಸ್ಟರ್" ಎಂದಳು ಮೂಲೆಯಕ್ಕ.

ದೊಡ್ಡ ಸಿಸ್ಟರು ಹೊಸಬಳ ಬೆನ್ನು ತಟ್ಟಿ, ಇವಳನ್ನು ಖಾಯಂ ಮಾಡಿಕೊಳ್ಳಬಹುದು ಎಂದು ಜೊತೆಗಿದ್ದ ನರ್ಸಿಗೆ ಹೇಳಿ ಮುಂದಕ್ಕೆ ಹೋದರು.

ಮೂಲೆಯಕ್ಕ ಬಟ್ಟೆಯ ಕೋಣೆಗೆ ಹೋಗಿ ಬಾಗಿಲು ಓರೆ ಮಾಡಿಕೊಂಡು, ಕಪಾಟಿಗೆ ಹಣೆ ಒತ್ತಿ ನಿಂತಳು. ಇಷ್ಟೇ. ಆ ಹೋಟೆಲಿನಲ್ಲೂ ಇಷ್ಟೇ ಸಾಕಾಗುತ್ತಿತ್ತು. ಬೆರಳು ತೋರಿಸಲು ಆ ಮಂಡಿ ಪಟ್ಟಿಯವಳು ಎದುರಿಗಿರಬೇಕೆಂದೂ ಇರಲಿಲ್ಲ. ಭಾಷೆಗೆ ಮಗಳಿದ್ದಳು. ನಮ್ಮ ರೂಮಿಗೆ ಬರೋ ಹೆಂಗಸು ಅಂದಿದ್ದರೆ ಮುಗಿಯುತ್ತಿತ್ತು, ಅಂಚು ಮಗುಚಿ ನೋಡುವ ಪ್ರಮೇಯವೇ ಬರುತ್ತಿರಲಿಲ್ಲ.

ಹೊಸಬಳು ಹಿಂದೆಯೇ ಬಂದವಳು ಅವಳ ಭುಜ ಅಲುಗುವುದನ್ನು ನೋಡಿ ಹೆದರಿದಳು.

"ಯಾಕಕ್ಕ ಅಳ್ತಿದೀರಾ? ನನಗೋಸ್ಕರ ಸುಳ್ಳು ಹೇಳ್ಬೇಕಾಯ್ತು ಅಂತಾನಾ?"

"ಅಲ್ಲ ಕಣೇ" ಎಂದಳು ಮೂಲೆಯಕ್ಕ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಈ ಸುಳ್ಳು ಬೇರೆಯವಳಿಗೆ ಸೇರಬೇಕಿತ್ತು."

ಹೊಸಬಳಿಗೆ ಅರ್ಥವಾಗಲಿಲ್ಲ. ಮೂಲೆಯಕ್ಕ ಕಪಾಟಿನಿಂದ ಒಂದು ಬೆಡ್‌ಶೀಟು ತೆಗೆದುಕೊಂಡು, ಅವಳನ್ನು ಅಲ್ಲೇ ಕೂರಿಸಿ, ಐದನೇ ಮಂಚದ ಕಡೆ ಹೋದಳು.